ಎರಡು ಚುಕ್ಕಿ

ನಮ್ಮ ಅತ್ತೆಯವರು ಬದುಕಿದ್ದಷ್ಟು ಕಾಲವೂ ಉಗ್ರಾಣದ ಬೀಗದಕೈ ಅವರ ಸೊಂಟದಲ್ಲೇ ಇತ್ತು. ಆ ಗೊಂಚಲಿನ ಸದ್ದು ಕೇಳಿಯೇ ಅವರು ಮನೆಯ ಯಾವ ಮೂಲೆಯಲ್ಲಿದ್ದಾರೆಂದು ನಾವು ಸೊಸೆಯಂದಿರು ಹೇಳುತ್ತಿದ್ದೆವು. ತೀರ್ಥಹಳ್ಳಿ ಕಡೆಯ ಹಳೆಯ ಮನೆ. ಜಗಲಿಗೆ ಯಾರು ಬೇಕಾದರೂ ಬರಬಹುದು, ದಾರಿಹೋಕನೂ ಕೂತು ನೀರು ಬೆಲ್ಲ ಕೇಳಬಹುದು. ನಡುಮನೆಗೆ ನೆಂಟರು. ಅಡಿಗೆ ಮನೆಗೆ ಮನೆಯವರು. ದೇವರ ಕೋಣೆಗೆ ಮಡಿಯಲ್ಲಿದ್ದವರು. ಉಗ್ರಾಣಕ್ಕೆ ಮಾತ್ರ ಅತ್ತೆಯವರೊಬ್ಬರೇ. ಯಾರೂ ಬರೆದಿಟ್ಟ ಕಾಯಿದೆಯಲ್ಲ, ಆದರೆ ಮೂರು ವರ್ಷದ ಮಗುವಿಗೂ ಅದು ಗೊತ್ತಿತ್ತು. ಈ ನಿಯಮಗಳಲ್ಲಿ ಅರ್ಧಕ್ಕರ್ಧ ತಪ್ಪು ನಿಯಮಗಳೇ ಆಗಿದ್ದವು ಎಂದು ಈಗ ನನಗನ್ನಿಸುತ್ತದೆ. ಬತ್ತ ಬೆಳೆದು ಹೊತ್ತು ತಂದವರು ಜಗಲಿ ದಾಟುವ ಹಾಗಿರಲಿಲ್ಲ, ಅದೇ ಬತ್ತದ ಅನ್ನ ಉಂಡವರು ದೇವರ ಕೋಣೆಯವರೆಗೂ ಹೋಗುತ್ತಿದ್ದರು. ಯಾರು ಎಲ್ಲಿಯವರೆಗೆ ಬರಬಹುದೆಂದು ಗೆರೆ ಎಳೆಯುವುದರಲ್ಲಿ ನಾವು ಯಾವ ಕಾಲದಿಂದಲೂ ಪಳಗಿದವರು. ಎಳೆಯಬೇಕಾದ ಕಡೆ ಎಳೆದೆವೇ ಎಂಬುದು ಬೇರೆ ಮಾತು.

ಈಗ ಇದೆಲ್ಲ ನೆನಪಾಗುವುದಕ್ಕೆ ಕಾರಣ ಒಂದು ಕಂಪ್ಯೂಟರು. ನಾನು ಬಿ.ಎ., ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ಕಂಪ್ಯೂಟರಿಗೂ ನನಗೂ ಇರುವ ನೆಂಟಸ್ತನ ಅಂಕಪಟ್ಟಿಯದು ಮಾತ್ರ. ನಮ್ಮ ಶಾಲೆಯನ್ನು ನಡೆಸುವ ಸಂಸ್ಥೆಗೆ ಬೇರೆ ಬೇರೆ ಊರುಗಳಲ್ಲಿ ಆರು ಶಾಲೆಗಳಿವೆ. ಮೊದಲೆಲ್ಲ ಪ್ರಶ್ನೆಪತ್ರಿಕೆಗಳನ್ನು ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆ ಒತ್ತಿ, ಜವಾನ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದ. 2017ರಲ್ಲಿ ಸಂಸ್ಥೆಯವರು ಕೇಂದ್ರ ಕಚೇರಿಯಲ್ಲಿ ಒಂದು ಎಫ್.ಟಿ.ಪಿ. ಸರ್ವರ್ ಇಟ್ಟರು. ಎಫ್.ಟಿ.ಪಿ. ಎಂದರೆ ಫೈಲು ಸಾಗಿಸುವ ಪದ್ಧತಿ. ಆರೂ ಶಾಲೆಯವರು ತಮ್ಮ ತಮ್ಮ ಊರಿನಿಂದಲೇ ಅಂಕಪಟ್ಟಿ, ಹಾಜರಿ, ವಾರ್ಷಿಕೋತ್ಸವದ ಫೋಟೋ ಎಲ್ಲವನ್ನೂ ಅಲ್ಲಿಗೆ ಸೇರಿಸಬಹುದು, ಅಲ್ಲಿಂದ ತೆಗೆದುಕೊಳ್ಳಬಹುದು. ಕಂಪ್ಯೂಟರ್ ಮೇಷ್ಟ್ರು ಪ್ರತಿಯೊಬ್ಬರಿಗೂ ಒಂದು ಚೀಟಿಯಲ್ಲಿ ಹೆಸರು, ಪಾಸ್‌ವರ್ಡು ಬರೆದು ಕೊಟ್ಟರು. ನನ್ನ ಪಾಸ್‌ವರ್ಡು ನನ್ನ ಹೆಸರೇ, ಮುಂದೆ ಒಂದು ಎರಡು ಮೂರು. ವಿಜ್ಞಾನದ ಟೀಚರದು ಅವರ ಹೆಸರು, ಮುಂದೆ ಒಂದು ಎರಡು ಮೂರು. ಬಾಯಿಪಾಠ ಮಾಡುವ ಕಷ್ಟವಿಲ್ಲವೆಂದು ನಾವೆಲ್ಲ ಸಂತೋಷಪಟ್ಟೆವು.

2018ರ ಫೆಬ್ರುವರಿಯ ಒಂದು ರಾತ್ರಿ. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಸೇರಿಸುತ್ತ ಕೂತಿದ್ದೆ. ಪರದೆಯಲ್ಲಿ ನನ್ನ ಫೋಲ್ಡರ್ ತೆರೆದರೆ ಫೈಲುಗಳ ಸಾಲಿನ ಎಲ್ಲಕ್ಕಿಂತ ಮೇಲೆ ಎರಡು ಚುಕ್ಕಿಗಳು ಕಾಣುತ್ತವೆ. ಹೆಸರಿಲ್ಲ, ದಿನಾಂಕವಿಲ್ಲ, ಬರೀ ಎರಡು ಚುಕ್ಕಿ. ತಿಂಗಳುಗಟ್ಟಲೆ ಅದನ್ನು ನೋಡಿದ್ದೆ, ಏನೆಂದು ಯೋಚಿಸಿರಲಿಲ್ಲ. ಆ ರಾತ್ರಿ ಕೈ ಜಾರಿ ಅದರ ಮೇಲೆ ಎರಡು ಸಲ ಒತ್ತಿಬಿಟ್ಟೆ. ನನ್ನ ಫೋಲ್ಡರ್ ಮಾಯವಾಗಿ ನಮ್ಮ ಶಾಲೆಯ ಎಲ್ಲ ಟೀಚರುಗಳ ಫೋಲ್ಡರುಗಳು ಬಂದವು. ಅಲ್ಲಿಯೂ ಮೇಲೆ ಎರಡು ಚುಕ್ಕಿ. ಇನ್ನೊಮ್ಮೆ ಒತ್ತಿದೆ. ಇದು ಕೈ ಜಾರಿ ಅಲ್ಲ, ಬೇಕೆಂದೇ ಒತ್ತಿದ್ದು. ಆರೂ ಶಾಲೆಗಳು ಸಾಲಾಗಿ ನಿಂತವು, ಕೊನೆಯಲ್ಲಿ ‘ಕಚೇರಿ’ ಎಂಬ ಫೋಲ್ಡರ್.

ಆ ಎರಡು ಚುಕ್ಕಿಗೆ ‘ಮೇಲಿನ ಕೋಣೆಗೆ ಹೋಗು’ ಎಂದು ಅರ್ಥವಂತೆ. ಅದನ್ನು ನಾನು ತಿಳಿದದ್ದು ಆಮೇಲೆ.

ಪರರ ಕಾಗದ ಓದಬಾರದೆಂದು ಇಪ್ಪತ್ತೈದು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಆದರೂ ‘ಕಚೇರಿ’ಯನ್ನು ತೆರೆದೆ. ಮೊದಲು ಹುಡುಕಿದ್ದು ನನ್ನ ಬಗ್ಗೆ ಏನು ಬರೆದಿದ್ದಾರೆಂದು. ಗುಪ್ತ ವರದಿ ಸಿಕ್ಕಿತು: ‘ಪಾಠ ಉತ್ತಮ, ಸ್ವಭಾವ ಸ್ವಲ್ಪ ಮೊಂಡು’. ಅರ್ಧ ಗಂಟೆ ಆ ‘ಮೊಂಡು’ ಎಂಬ ಪದವನ್ನೇ ನೋಡುತ್ತ ಕೂತೆ. ಆಮೇಲೆ ಶುಲ್ಕ ವಿನಾಯಿತಿಯ ಅರ್ಜಿಗಳು. ಒಂದೊಂದೂ ಕಾಗದವನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದರು. ಅದರಲ್ಲಿ ನನ್ನದೇ ತರಗತಿಯ, ಎರಡನೆಯ ಬೆಂಚಿನ ಒಬ್ಬ ಹುಡುಗಿಯ ತಾಯಿಯ ಅರ್ಜಿ ಇತ್ತು. ದುಂಡು ಅಕ್ಷರ, ಎಲ್ಲೋ ನೋಡಿದ ಅಕ್ಷರ ಅನ್ನಿಸಿತು. ಗಂಡ ಹೊಡೆದು ಹೊರಗೆ ಹಾಕಿದ್ದಾನೆ, ಅವನ ಊರು ಬಿಟ್ಟು ಬಂದಿದ್ದೇವೆ, ನಾನು ಚಪಾತಿ ಮಾಡಿ ಹೋಟೆಲುಗಳಿಗೆ ಕೊಡುತ್ತೇನೆ, ಈಗ ಇಂಥ ವಠಾರದ ಇಷ್ಟನೆಯ ಮನೆಯಲ್ಲಿದ್ದೇವೆ. ಕೊನೆಯ ಸಾಲು: ನಮ್ಮ ವಿಳಾಸವನ್ನು ದಯವಿಟ್ಟು ಯಾರಿಗೂ ತಿಳಿಸಬಾರದಾಗಿ ವಿನಂತಿ.

ಆ ಹುಡುಗಿ ಮೊದಲು ಓದಿದ್ದು ನಮ್ಮ ಸಂಸ್ಥೆಯದೇ ಇನ್ನೊಂದು ಊರಿನ ಶಾಲೆಯಲ್ಲಿ. ಅಲ್ಲಿಯ ಸಿಬ್ಬಂದಿಯಲ್ಲಿ ಅವಳ ತಂದೆಯ ಕಡೆಯವರೊಬ್ಬರಿದ್ದರು. ಅದು ನನಗೆ ಆಗ ಗೊತ್ತಿರಲಿಲ್ಲ. ಆದರೆ ಇಷ್ಟು ಗೊತ್ತಿತ್ತು: ನಾನು ಓದಬಲ್ಲೆನಾದರೆ ಆರು ಶಾಲೆಗಳ ಪ್ರತಿಯೊಬ್ಬರೂ ಓದಬಲ್ಲರು.

ಮಾರನೆಯ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ‘ನೀವು ಅಲ್ಲಿಗೆ ಯಾಕೆ ಹೋದಿರಿ?’ ಎಂಬ ಪ್ರಶ್ನೆ ಬರುತ್ತದೆ. ಕೈ ಜಾರಿತು ಎನ್ನಬಹುದು, ಆದರೆ ಎರಡನೆಯ ಸಲ ಜಾರಿದ್ದು ಕೈಯಲ್ಲವಲ್ಲ. ಪರೀಕ್ಷೆ ಮುಗಿಯಲಿ, ಎಚ್.ಎಂ. ಊರಿನಿಂದ ಬರಲಿ, ಹೀಗೆ ಒಂದೊಂದು ನೆಪ ಹುಡುಕುತ್ತ ಹನ್ನೊಂದು ದಿನ ಕಳೆದೆ. ಹನ್ನೆರಡನೆಯ ದಿನ ಆ ಹುಡುಗಿ ತರಗತಿಗೆ ಬರಲಿಲ್ಲ. ಹಿಂದಿನ ರಾತ್ರಿ ಅವಳ ತಂದೆ ವಠಾರಕ್ಕೆ ಬಂದು ಬಾಗಿಲು ಬಡಿದಿದ್ದ. ಬಾಗಿಲಿನ ಚಿಲಕ ಕಿತ್ತು ಬಂದಿತ್ತು. ಅಕ್ಕಪಕ್ಕದವರು ಸೇರಿದ್ದರಿಂದ ಆಗಬಾರದ್ದು ಆಗಲಿಲ್ಲ. ತಾಯಿಯ ಕೈ ತಿರುಚಿ ಊದಿತ್ತು, ಬಳೆ ಚೂರು ಹೊಕ್ಕಿತ್ತು. ಎಸ್.ಎಸ್.ಎಲ್.ಸಿ.ಗೆ ಇನ್ನು ಮೂರೋ ನಾಲ್ಕೋ ವಾರ.

ಅವನಿಗೆ ವಿಳಾಸ ಹೇಗೆ ಸಿಕ್ಕಿತೆಂದು ಇಂದಿಗೂ ನನಗೆ ಗೊತ್ತಿಲ್ಲ. ಸಂತೆಯಲ್ಲಿ ಯಾರಾದರೂ ಕಂಡಿರಬಹುದು. ಬಸ್ ಸ್ಟ್ಯಾಂಡಿನಲ್ಲಿ ಹಿಂಬಾಲಿಸಿರಬಹುದು. ಆದರೆ ಆ ದಿನ ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುವಾಗ ನನ್ನ ಕೈ ನಡುಗಿತು.

ಅವತ್ತೇ ಸಂಜೆ ಎಚ್.ಎಂ. ಸಾರ್ ಹತ್ತಿರ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಒರೆಸಿ ಹಾಕಿಕೊಂಡರು. ಕೇಂದ್ರ ಕಚೇರಿಗೆ ಫೋನಾಯಿತು. ಅಲ್ಲಿಂದ ಬಂದ ಮೊದಲ ಉತ್ತರ, “ಅದನ್ನೆಲ್ಲ ಯಾರು ನೋಡ್ತಾರೆ ಬಿಡಿ ಮೇಡಂ.” ಎರಡನೆಯ ಉತ್ತರ ನಾಲ್ಕು ದಿನ ತಡವಾಗಿ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು: ತಮಗೆ ಸಂಬಂಧಿಸದ ಕಡತಗಳನ್ನು ವೀಕ್ಷಿಸಿದ್ದಕ್ಕೆ ಏಕೆ ಕ್ರಮ ಜರುಗಿಸಬಾರದೆಂದು ಕಾರಣ ಕೇಳುವ ನೋಟಿಸು. ಬಾಗಿಲು ತೆರೆದಿದೆ ಎಂದು ಕೂಗಿದವರನ್ನೇ ಕಳ್ಳರೆಂದು ಹಿಡಿಯುವುದು ಸುಲಭ. ಆದರೆ ನಾನು ಪೂರ್ತಿ ನಿರಪರಾಧಿಯೂ ಆಗಿರಲಿಲ್ಲವಲ್ಲ, ಆದ್ದರಿಂದ ಜೋರಾಗಿ ಜಗಳವಾಡುವ ಧೈರ್ಯವೂ ಬರಲಿಲ್ಲ. ಓದಿದ್ದು ನಿಜ, ಕ್ಷಮೆ ಇರಲಿ, ಆದರೆ ಬಾಗಿಲು ಮೊದಲು ಮುಚ್ಚಿ ಎಂದು ಅರ್ಧ ಪುಟ ಬರೆದು ಕಳಿಸಿದೆ.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವನಿಗೆ ಫೋನ್ ಮಾಡಿ ಅಳುದನಿಯಲ್ಲಿ ಹೇಳಿದೆ. ಅವನು ನಗಲಿಲ್ಲ. “ದೊಡ್ಡಮ್ಮ, ಯಾರು ನೀನು ಅಂತ ಕೇಳೋದು ಒಂದು. ನೀನು ಎಲ್ಲಿಯವರೆಗೆ ಹೋಗಬಹುದು ಅಂತ ನೋಡೋದು ಇನ್ನೊಂದು. ನಿಮ್ಮವರು ಮೊದಲನೆಯದು ಮಾಡಿ ಎರಡನೆಯದು ಮರೆತಿದ್ದಾರೆ” ಅಂದ. ಅತ್ತೆಯವರ ಮನೆ ಥಟ್ಟನೆ ಕಣ್ಣಮುಂದೆ ಬಂತು. ಹೆಬ್ಬಾಗಿಲಲ್ಲಿ ಹೆಸರು ಕೇಳಿ ಒಳಗೆ ಬಿಟ್ಟ ಮೇಲೆ ನಡುಮನೆ, ಅಡಿಗೆ ಮನೆ, ಉಗ್ರಾಣ ಎಲ್ಲದರ ಬಾಗಿಲೂ ಹಾರುಹೊಡೆದಿದ್ದರೆ ಹೇಗೋ ಹಾಗೆ.

ಆ ಭಾನುವಾರ ಅವನು ಬಂದು ಎರಡು ಗಂಟೆ ಕೂತು ನನಗೆ ಪಾಠ ಹೇಳಿದ. ಟೀಚರಿಗೆ ಪಾಠ ಹೇಳುವ ಸಂತೋಷ ಅವನ ಮುಖದಲ್ಲಿ ಕಾಣುತ್ತಿತ್ತು. ಈ ಫೈಲು ಸಾಗಿಸುವ ಪದ್ಧತಿಯನ್ನು ಮೊದಲು ಬರೆದಿಟ್ಟವರು ನಮ್ಮ ದೇಶದವರೇ ಎಂಬುದು ಅವನು ಹೇಳಿದ ಮೊದಲ ಆಶ್ಚರ್ಯ. ಅಭಯ್ ಭೂಷಣ್ ಎಂದು ಹೆಸರು. ಕಾನ್ಪುರದ ಐ.ಐ.ಟಿ.ಯ ಮೊಟ್ಟಮೊದಲ ತಂಡದಲ್ಲಿ ಓದಿ, ಅಮೆರಿಕಾದ ಎಂ.ಐ.ಟಿ. ಸೇರಿ, 1971ರ ಏಪ್ರಿಲ್ 16ರ ತಾರೀಖಿನ ಒಂದು ಬರಹದಲ್ಲಿ ಇದರ ನಿಯಮಗಳನ್ನು ಬರೆದರು. ಆಗ ಜಾಲಕ್ಕೆ ಸೇರಿದ್ದ ಕಂಪ್ಯೂಟರುಗಳೇ ಕೆಲವು, ಅವನ್ನು ಬಳಸುವವರು ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳವರು, ಬಹುಪಾಲು ಒಬ್ಬರನ್ನೊಬ್ಬರು ಬಲ್ಲವರು. ನಮ್ಮ ಹಳೆಯ ಅಗ್ರಹಾರದ ಮನೆಗಳ ಹಾಗೆ, ಬೀಗ ಹಾಕುವುದೇ ಅವಮಾನ. ಈ ಪದ್ಧತಿಯಲ್ಲಿ ಹೆಸರೂ ಪಾಸ್‌ವರ್ಡೂ ಪೋಸ್ಟ್ ಕಾರ್ಡಿನಲ್ಲಿ ಬರೆದ ಹಾಗೆ ತಂತಿಯ ಮೇಲೆ ತೆರೆದೇ ಹೋಗುತ್ತವೆ, ದಾರಿಯಲ್ಲಿ ಕಣ್ಣಿಟ್ಟವರು ಓದಿಕೊಳ್ಳಬಹುದು. 1985ರಲ್ಲಿ ಅದನ್ನೆಲ್ಲ ತಿದ್ದಿ ಮತ್ತೆ ಬರೆದರು, ಆಗಲೂ ಪೋಸ್ಟ್ ಕಾರ್ಡ್ ಹಾಗೆಯೇ ಉಳಿಯಿತು. ಮುಚ್ಚಿದ ಲಕೋಟೆಯ ವ್ಯವಸ್ಥೆಗಳು ಆಮೇಲೆ ಬಂದವು.

ಇನ್ನೊಂದು ರಿವಾಜೂ ಇತ್ತಂತೆ. ಹೆಸರು ಹೇಳಲು ಇಷ್ಟವಿಲ್ಲದವರು ‘ಅನಾನಿಮಸ್’ ಎಂದು ಬರೆದರೆ ಸಾಕು, ಒಳಗೆ ಬಿಡುತ್ತಿದ್ದರು. ಎಲ್ಲರಿಗೂ ಹಂಚಬೇಕಾದ ಫೈಲುಗಳನ್ನು ಹಾಗೆ ಇಡುತ್ತಿದ್ದರು. ಇದು ನಮ್ಮ ಜಗಲಿ. ಜಗಲಿ ಇರುವುದರಲ್ಲಿ ಏನೂ ತಪ್ಪಿಲ್ಲ. ಜಗಲಿಯಿಂದ ಉಗ್ರಾಣಕ್ಕೆ ದಾರಿ ಇದ್ದರೆ ತಪ್ಪು.

ನಮ್ಮ ಸಂಸ್ಥೆಯಲ್ಲಿ ಆದದ್ದು ಏನೆಂದು ಅವನು ಲೆಕ್ಕದ ಮೇಷ್ಟ್ರ ಹಾಗೆ ಬಿಡಿಸಿ ಹೇಳಿದ. ಆ ಬಗೆಯ ಯಂತ್ರಗಳಲ್ಲಿ ಪ್ರತಿ ಫೈಲಿಗೂ ಮೂರು ಅಂಕಿ ಇರುತ್ತವೆ: ಒಡೆಯನಿಗೆ ಒಂದು, ಅವನ ಗುಂಪಿಗೆ ಒಂದು, ಉಳಿದ ಲೋಕಕ್ಕೆ ಒಂದು. ಓದುವುದಕ್ಕೆ 4, ಬರೆಯುವುದಕ್ಕೆ 2, ಕೋಣೆಯ ಹೊಸಿಲು ದಾಟುವುದಕ್ಕೆ 1. ಮೂರೂ ಕೂಡಿದರೆ 7. ನಮ್ಮ ಸರ್ವರಿನಲ್ಲಿ ಎಲ್ಲ ಫೋಲ್ಡರಿಗೂ 777. ಮೊದಲ ದಿನ ಯಾರದೋ ಫೋಟೋ ಸೇರಲಿಲ್ಲವಂತೆ, ಅನುಮತಿ ಇಲ್ಲ ಎಂದು ಬಂತಂತೆ, ಎಲ್ಲಿ ತಪ್ಪಿದೆ ಎಂದು ಹುಡುಕುವ ಬದಲು ಎಲ್ಲವನ್ನೂ 777 ಮಾಡಿದರು. ಎಲ್ಲರದೂ ಕೆಲಸ ಮಾಡಿತು. ಜೊತೆಗೆ, ಬಂದವರನ್ನು ಅವರವರ ಫೋಲ್ಡರಿನೊಳಗೇ ಕೂಡಿಹಾಕುವ ಒಂದು ಏರ್ಪಾಡು ಇರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಜೈಲು ಎಂದೇ ಕರೆಯುತ್ತಾರಂತೆ. ಅದನ್ನು ತೆರೆದೇ ಇರಲಿಲ್ಲ. ತೆರೆದಿದ್ದರೆ ನಾನು ಎರಡು ಚುಕ್ಕಿಯನ್ನು ನೂರು ಸಲ ಒತ್ತಿದರೂ ನನ್ನ ಕೋಣೆಯ ಗೋಡೆಗೇ ತಾಗುತ್ತಿದ್ದೆ.

“ಯಾರು ಯಾವ ಫೈಲು ಓದಿದರು ಅಂತ ಬರೆದಿಟ್ಟಿರುತ್ತಲ್ಲ?” ಎಂದು ಕೇಳಿದೆ. ನನಗೆ ಬೇಕಾಗಿದ್ದುದು ಅದೊಂದೇ. ಅವನು ಕಂಪ್ಯೂಟರ್ ಮೇಷ್ಟ್ರಿಗೆ ಫೋನ್ ಹಚ್ಚಿ ಕೇಳಿದ. ಡಿಸ್ಕ್ ತುಂಬುತ್ತದೆಂದು ಆ ದಾಖಲೆ ಬರೆಯುವುದನ್ನು ನಿಲ್ಲಿಸಿದ್ದರು.

ಆಮೇಲಿನ ವರ್ಷಗಳಲ್ಲಿ ಈ ವಿಷಯದ ಸುದ್ದಿ ಎಲ್ಲಿ ಕಂಡರೂ ನಾನು ಓದುತ್ತೇನೆ. ಮನೆಯವರು ತಮಾಷೆ ಮಾಡುತ್ತಾರೆ, ಮಾಡಲಿ. ನನ್ನ ತಂಗಿಯ ಮಗನೂ ಹೊಸದೇನಾದರೂ ಬಂದರೆ ದೊಡ್ಡಮ್ಮನಿಗೆ ತಿಳಿಸುತ್ತಾನೆ. ನಮ್ಮಲ್ಲಿ ಆದದ್ದು ಇಟ್ಟವರ ಅಜಾಗರೂಕತೆ. ಆದರೆ ಸರ್ವರ್ ತಂತ್ರಾಂಶವೇ ಗೆರೆ ಮರೆತ ಪ್ರಸಂಗಗಳೂ ಇವೆ. ಪ್ರೋ-ಎಫ್.ಟಿ.ಪಿ.ಡಿ. ಎಂಬ, ಲೋಕದಲ್ಲೆಲ್ಲ ಬಳಕೆಯಲ್ಲಿರುವ ಒಂದು ಸರ್ವರ್ ತಂತ್ರಾಂಶ. ಅದರಲ್ಲಿ ಫೈಲುಗಳನ್ನು ನಕಲು ಮಾಡುವ ಒಂದು ಭಾಗವಿದೆ: ಇಲ್ಲಿಂದ ತೆಗೆದುಕೋ, ಅಲ್ಲಿಗೆ ಇಡು ಎಂಬ ಎರಡು ಆಜ್ಞೆ. ಫೈಲು ನಮ್ಮ ಕೈಗೆ ಬರುವುದಿಲ್ಲ, ಸರ್ವರೇ ತನ್ನ ಕೈಯಿಂದ ಒಳಗೊಳಗೇ ನಕಲು ಮಾಡುತ್ತದೆ. 2015ರಲ್ಲಿ ಗೊತ್ತಾಯಿತು, ಈ ಆಜ್ಞೆಯನ್ನು ಹೆಸರು ಪಾಸ್‌ವರ್ಡು ಏನೂ ಹೇಳದವನು ಕೊಟ್ಟರೂ ಸರ್ವರು ಪಾಲಿಸುತ್ತಿತ್ತು. ಅದನ್ನು ಸರಿಪಡಿಸಿದರು. 2019ರಲ್ಲಿ ಅದೇ ಭಾಗದಲ್ಲಿ ಇನ್ನೊಂದು ಲೋಪ ಬೆಳಕಿಗೆ ಬಂತು. ಈ ಫೋಲ್ಡರನ್ನು ಓದಬಾರದು, ಇದರಲ್ಲಿ ಬರೆಯಬಾರದು ಎಂದು ಒಡೆಯ ಸ್ಪಷ್ಟವಾಗಿ ಬರೆದಿಟ್ಟಿದ್ದರೂ ನಕಲಿನ ಆಜ್ಞೆ ಆ ನಿಷೇಧವನ್ನು ತಿರುಗಿಯೂ ನೋಡುತ್ತಿರಲಿಲ್ಲ. ಅನಾನಿಮಸ್ ಎಂದು ಜಗಲಿಯಲ್ಲಿ ಕೂತವನೂ ಆಜ್ಞೆ ಕೊಡಬಹುದಿತ್ತು. ಕಂಡುಹಿಡಿದವರು 2018ರ ಸೆಪ್ಟೆಂಬರಿನಲ್ಲಿ ತಿಳಿಸಿದ್ದು, ಸರಿಪಡಿಸಿದ್ದು ಮರುವರ್ಷದ ಜುಲೈಯಲ್ಲಿ. ಹತ್ತು ತಿಂಗಳು! ನನ್ನ ಹನ್ನೊಂದು ದಿನದ ಪಾಪ ಸ್ವಲ್ಪ ಹಗುರವಾದಂತೆ ಅನ್ನಿಸಿದ್ದನ್ನೂ ಒಪ್ಪಿಕೊಳ್ಳುತ್ತೇನೆ.

ಇದನ್ನು ಓದಿದಾಗ ನನ್ನ ಕಿರಿಯ ಮೈದುನ ನೆನಪಾದ. ಚಿಕ್ಕವನಿದ್ದಾಗ ಅವನಿಗೆ ಉಗ್ರಾಣಕ್ಕೆ ಕಾಲಿಡಬಾರದೆಂದು ಕಟ್ಟಪ್ಪಣೆ. ಅವನು ಕಾಲಿಡುತ್ತಲೇ ಇರಲಿಲ್ಲ. ಅತ್ತೆಯವರು ಬೀಗ ತೆಗೆಸಿ ಆಳಿನ ಕೈಯಲ್ಲಿ ಬಾಳೆಗೊನೆ ಇಳಿಸುವಾಗ ಹೊಸಿಲಾಚೆ ನಿಂತು ಆಳಿಗೆ ಕಣ್ಣುಸನ್ನೆ ಮಾಡುತ್ತಿದ್ದ. ಬೆಲ್ಲದ ಅಚ್ಚು ಆಳಿನ ಮಡಿಲಲ್ಲಿ ಹೊರಗೆ ಬರುತ್ತಿತ್ತು. ಸಿಕ್ಕಿಬಿದ್ದ ದಿನ, “ನಾನು ಒಳಗೆ ಹೋದೆನಾ? ನಾನು ತೆಗೆದೆನಾ?” ಎಂದು ವಾದಿಸಿದನಂತೆ. ಒಳಗೆ ಹೋಗಬೇಡ ಎಂದಿದ್ದರೇ ಹೊರತು ತರಿಸಿಕೊಳ್ಳಬೇಡ ಎಂದಿರಲಿಲ್ಲ. ಆಳಿಗೆ ಒಳಹೋಗುವ ಅಧಿಕಾರವಿತ್ತು, ಯಾರ ಪರವಾಗಿ ಹೋಗುತ್ತಿದ್ದೇನೆ ಎಂದು ಕೇಳಿಕೊಳ್ಳುವ ಅಭ್ಯಾಸವಿರಲಿಲ್ಲ, ಅಷ್ಟೇ.

ನಗು ಬರುವ ಕತೆಯೂ ಒಂದಿದೆ. ವಿ.ಎಸ್.ಎಫ್.ಟಿ.ಪಿ.ಡಿ. ಎಂಬ ಇನ್ನೊಂದು ಸರ್ವರ್. ಅದರ ಹೆಸರಿನ ಮೊದಲ ಎರಡು ಅಕ್ಷರಕ್ಕೆ ‘ಬಹಳ ಸುರಕ್ಷಿತ’ ಎಂದೇ ಅರ್ಥ. 2011ರಲ್ಲಿ ಯಾರೋ ಅದನ್ನು ಹಂಚುವ ಜಾಗಕ್ಕೇ ನುಗ್ಗಿ ಒಂದು ಪ್ರತಿಯಲ್ಲಿ ಕಳ್ಳಬಾಗಿಲು ಇಟ್ಟರು. ಬಳಕೆದಾರನ ಹೆಸರಿನಲ್ಲಿ ಎರಡು ಚುಕ್ಕಿ ಮತ್ತು ಒಂದು ಆವರಣ ಚಿಹ್ನೆ, ಅಂದರೆ ಈಗಿನ ಮಕ್ಕಳು ನಗುಮುಖ ಎಂದು ಬರೆಯುವ ಗುರುತು, ಹಾಕಿದರೆ ಆ ಕಂಪ್ಯೂಟರಿನ ಇನ್ನೊಂದು ಬಾಗಿಲು ತೆರೆದುಕೊಳ್ಳುತ್ತಿತ್ತು. ನಗುತ್ತಾ ಬಂದವರಿಗೆ ಇಡೀ ಮನೆ. ಬೇಗನೆ ಪತ್ತೆಯಾಯಿತು ಬಿಡಿ. ಹಾಗೆಯೇ 2024ರ ಜನವರಿಯಲ್ಲಿ ಗೋ-ಎನಿವೇರ್ ಎಂಬ ಫೈಲು ಸಾಗಣೆಯ ತಂತ್ರಾಂಶದ ಒಂದು ಲೋಪ ಪ್ರಕಟವಾಯಿತು. ಮೊದಲ ದಿನ ಯಜಮಾನನ ಹೆಸರು ಬರೆಸಿಕೊಳ್ಳುವ ಪುಟವೊಂದಿರುತ್ತದಲ್ಲ, ಆ ಕೆಲಸ ಮುಗಿದ ಮೇಲೂ ವಿಳಾಸವನ್ನು ಸ್ವಲ್ಪ ತಿರುಚಿ ಬರೆದರೆ ಆ ಪುಟ ತೆರೆಯುತ್ತಿತ್ತು. ಬಂದವನು ತಾನೇ ಹೊಸ ಯಜಮಾನನೆಂದು ಹೆಸರು ಬರೆಸಿಕೊಳ್ಳಬಹುದಿತ್ತು. ಅದಕ್ಕೆ ದಾರಿಯಾದದ್ದು ಏನು ಗೊತ್ತೇ? ವಿಳಾಸದ ನಡುವೆ ಸೇರಿಸಿದ ಅದೇ ಎರಡು ಚುಕ್ಕಿ.

ಆದರೆ ನನ್ನ ನಿದ್ದೆ ಕೆಡಿಸಿದ್ದು 2023ರ ಸುದ್ದಿ. ಮೂವಿಟ್ ಎಂಬ ತಂತ್ರಾಂಶ. ಅಮೆರಿಕಾದ ಪ್ರೋಗ್ರೆಸ್ ಕಂಪನಿಯದು. ಗುಟ್ಟಾಗಿಡಬೇಕಾದ ಫೈಲುಗಳನ್ನು ಭದ್ರವಾಗಿ ಸಾಗಿಸಲೆಂದೇ ಸರ್ಕಾರಿ ಇಲಾಖೆಗಳೂ ಬ್ಯಾಂಕುಗಳೂ ದುಡ್ಡು ಕೊಟ್ಟು ಇಟ್ಟುಕೊಂಡದ್ದು. ಮೇ ತಿಂಗಳ ಕೊನೆಯ ವಾರ, ಅಲ್ಲಿಯವರು ಹಬ್ಬದ ರಜೆಯಲ್ಲಿದ್ದಾಗ, ಕ್ಲಾಪ್ ಎಂಬ ಕಳ್ಳರ ಗುಂಪು ಅದರಲ್ಲಿ ಒಂದು ಬಿರುಕು ಹಿಡಿದು ಒಳಗೆ ನುಗ್ಗಿತು. ಉತ್ತರ ಬರೆಯಬೇಕಾದ ಜಾಗದಲ್ಲಿ ಉತ್ತರದ ಬದಲು ದತ್ತಾಂಶದ ಉಗ್ರಾಣಕ್ಕೇ ಆಜ್ಞೆ ಬರೆದರೆ ಸರ್ವರು ಅದನ್ನು ಆಜ್ಞೆಯೆಂದೇ ತಿಳಿದು ನಡೆಸಿಕೊಡುತ್ತಿತ್ತು. ಯಾವ ಪಾಸ್‌ವರ್ಡೂ ಬೇಕಾಗಲಿಲ್ಲ. ಎರಡು ಸಾವಿರಕ್ಕೂ ಹೆಚ್ಚು ಸಂಸ್ಥೆಗಳ, ಕೋಟಿಗಟ್ಟಲೆ ಜನರ ವಿವರಗಳು ಹೋದವು. ಮುಂದಿನ ವರ್ಷ ಜೂನಿನಲ್ಲಿ ಅದೇ ತಂತ್ರಾಂಶದಲ್ಲಿ ಬೇರೆಯೊಂದು ಲೋಪ ಸಿಕ್ಕಿತು. ಇನ್ನೊಬ್ಬರ ಹೆಸರು ಗೊತ್ತಿದ್ದರೆ ಅವರೇ ತಾನೆಂದು ಒಳಗೆ ಬರುವಂಥದ್ದು.

ಕೋಟಿಯ ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳ ಸುಮಾರು 45,000 ಮಕ್ಕಳ ವಿವರ ಹೋಯಿತೆಂದು ಓದಿದಾಗ ಟೀಚರಾಗಿ ಬೇಸರವಾಯಿತು. ಮುಂದೆ ಮಿನ್ನೆಸೋಟ ಎಂಬ ರಾಜ್ಯದ ಶಿಕ್ಷಣ ಇಲಾಖೆಯ ಸುದ್ದಿ ಓದಿ ಪೇಪರು ಕೆಳಗಿಟ್ಟೆ. ಅಲ್ಲಿ ಕಳ್ಳರ ಕೈಗೆ ಸಿಕ್ಕಿದ ಫೈಲುಗಳಲ್ಲಿ ಸುಮಾರು 95,000 ಮಕ್ಕಳ ಹೆಸರುಗಳಿದ್ದವು. ಹೆತ್ತವರ ಮನೆಯಲ್ಲಿ ಇರಲಾರದೆ, ಬೇರೆಯವರ ಆಶ್ರಯದಲ್ಲಿ ಸರ್ಕಾರವೇ ಇರಿಸಿದ್ದ ಮಕ್ಕಳು. ಹೆಸರು, ಹುಟ್ಟಿದ ದಿನ, ಯಾವ ಸೀಮೆಯಲ್ಲಿ ಇರಿಸಿದ್ದಾರೆ ಎಂಬುದು. ಕಳ್ಳರಿಗೆ ಬೇಕಾಗಿದ್ದುದು ಹಣ, ಆ ಮಕ್ಕಳು ಯಾರೆಂಬುದು ಅವರಿಗೆ ಲೆಕ್ಕಕ್ಕಿಲ್ಲ. ಆದರೆ ಅಂಥ ಒಂದು ಸಾಲು ಓದಿ ರಾತ್ರಿ ಬಾಗಿಲು ಬಡಿಯಲು ಹೊರಡುವವನು ಒಬ್ಬನಾದರೂ ಇರುತ್ತಾನೆ. ನಾನು ಬಲ್ಲೆ.

ನಮ್ಮ ಕತೆ ಅರ್ಧಕ್ಕೆ ನಿಂತಿತಲ್ಲ. ಬಾಗಿಲು ಮುರಿದ ಮೇಲೆ ತಾಯಿ ಮಗಳು ಆ ವಠಾರದಲ್ಲಿ ಇರುವಂತಿರಲಿಲ್ಲ. ಪರೀಕ್ಷೆ ಮುಗಿಯುವವರೆಗೆ ನಮ್ಮ ಮಹಡಿಯ ಕೋಣೆಯಲ್ಲಿ ಇರಲಿ ಎಂದು ಕರೆತಂದೆ. ನಮ್ಮವರು ಏನೂ ಕೇಳಲಿಲ್ಲ, ಸ್ಟೌವ್ ಒಂದನ್ನು ರಿಪೇರಿ ಮಾಡಿಸಿ ತಂದಿಟ್ಟರು. ಹುಡುಗಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದುವಳು, ತಾಯಿ ಅದೇ ಹೊತ್ತಿಗೆ ಚಪಾತಿ ಲಟ್ಟಿಸಲು ಕೂರುವರು, ಲಟ್ಟಣಿಗೆಯ ಸದ್ದು ಕೆಳಗೆ ನನಗೆ ಕೇಳುತ್ತಿತ್ತು. ಪರೀಕ್ಷಾ ಕೇಂದ್ರಕ್ಕೆ ಹೋಗುವ ದಿನಗಳಲ್ಲಿ ನಮ್ಮವರು ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದರು. ಹೊರಡುವ ದಿನ ಆ ತಾಯಿ ನನ್ನ ಕಾಲಿಗೆ ಬೀಳಲು ಬಂದರು. “ನೀವು ನಮಗೆ ದೇವರ ಹಾಗೆ ಬಂದಿರಿ ಟೀಚರ್” ಅಂದರು. ನಾನು ಹಿಂದಕ್ಕೆ ಸರಿದೆ. ನಿಮ್ಮ ಅರ್ಜಿ ಓದಿಯೂ ಹನ್ನೊಂದು ದಿನ ಬಾಯಿ ಮುಚ್ಚಿಕೊಂಡವಳು ನಾನು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಹೇಳಲಿಲ್ಲ. ಹುಡುಗಿಯ ಚೀಲಕ್ಕೆ ನಾಲ್ಕು ಚಕ್ಕುಲಿ ಕಟ್ಟಿಕೊಟ್ಟೆ.

ನೋಟಿಸಿನ ವಿಷಯ ಎರಡು ತಿಂಗಳು ಎಳೆದಾಡಿ ‘ಎಚ್ಚರಿಕೆ ನೀಡಿ ಮುಕ್ತಾಯಗೊಳಿಸಿದೆ’ ಎಂಬ ಸಾಲಿನೊಂದಿಗೆ ಮುಗಿಯಿತು. ಆ ಎಚ್ಚರಿಕೆ ನನಗೆ, ಸರ್ವರ್ ಇಟ್ಟವರಿಗಲ್ಲ. ಆದರೂ ಬೇಸಿಗೆ ರಜೆಯಲ್ಲಿ ಯಾರನ್ನೋ ಕರೆಸಿ ಎಲ್ಲವನ್ನೂ ಸರಿಪಡಿಸಿದರು. ಜೂನಿನಲ್ಲಿ ಶಾಲೆ ಶುರುವಾದ ಮೊದಲ ವಾರ ಹೊಸ ಪಾಸ್‌ವರ್ಡು ಬಂತು, ಈ ಸಲ ಬಾಯಿಪಾಠ ಮಾಡಲು ಬಾರದಂಥದು. ಒಳಗೆ ಹೋಗಿ ಎರಡು ಚುಕ್ಕಿ ಒತ್ತಿದೆ. ಪರದೆ ಅಲ್ಲಾಡಲಿಲ್ಲ. ‘ಕಚೇರಿ’ಯ ದಾರಿಯನ್ನು ಕೈಯಿಂದಲೇ ಬರೆದು ನೋಡಿದೆ. ಕೆಂಪು ಅಕ್ಷರದಲ್ಲಿ 550 ಎಂದು ಬಂತು. ಬೇಡಿದ್ದು ಕೊಡಲಾಗದು ಎಂದು ಸರ್ವರು ಹೇಳುವ ಸಂಖ್ಯೆ ಅದು. ನನ್ನ ಬದುಕಿನಲ್ಲಿ ‘ಆಗುವುದಿಲ್ಲ’ ಎಂಬ ಉತ್ತರ ಕೇಳಿ ಅಷ್ಟು ಸಂತೋಷಪಟ್ಟದ್ದು ಇನ್ನೊಂದು ಸಲ ಇಲ್ಲ. ಯಾರಾದರೂ ನೋಡಿದ್ದರೆ ಮತ್ತೆ ನೋಟಿಸು ಬರುತ್ತಿತ್ತೋ ಏನೋ.

ಆ ಹುಡುಗಿ ಪಾಸಾಗಿ, ನರ್ಸಿಂಗ್ ಓದಿ, ಈಗ ಕೆಲಸದಲ್ಲಿದ್ದಾಳೆ. ತಾಯಿ ಪ್ರತಿ ಯುಗಾದಿಗೆ ಫೋನ್ ಮಾಡುತ್ತಾರೆ. ಈ ಬರಹ ಬರೆದು ಮುಗಿಸಿದ ಮೇಲೆ ಅವರಿಗೆ ಕೇಳಿಸದೆ ಅಚ್ಚಿಗೆ ಕೊಡಬಾರದು ಅನ್ನಿಸಿತು. ಫೋನ್ ಮಾಡಿ, ಅವರ ಭಾಗವನ್ನೂ ನನ್ನ ಭಾಗವನ್ನೂ ಒಂದಕ್ಷರ ಬಿಡದೆ ಓದಿದೆ. ಓದುವಾಗ ಮಧ್ಯೆ ಎರಡು ಸಲ ದನಿ ಕಟ್ಟಿತು. ಆ ಕಡೆಯಿಂದ ತುಂಬ ಹೊತ್ತು ಸದ್ದಿಲ್ಲ. ಫೋನ್ ಇಟ್ಟುಬಿಟ್ಟರೇನೋ ಅಂದುಕೊಂಡೆ.

“ಆ ಅರ್ಜಿ ಬರೆದದ್ದು ನಾನಲ್ಲ ಟೀಚರ್” ಅಂದರು. “ನನಗೆ ಸಹಿ ಬಿಟ್ಟರೆ ಬರೆಯೋಕೆ ಬರಲ್ಲ. ನಾನು ಹೇಳ್ತಾ ಹೋದೆ, ಅವಳು ಬರೆದಳು. ಕೊನೇ ಸಾಲು ಮಾತ್ರ ನಾನು ಹೇಳಿದ್ದಲ್ಲ, ಅವಳೇ ಸೇರಿಸಿದ್ದು.”

ಎಲ್ಲೋ ನೋಡಿದ ಅಕ್ಷರ! ವರ್ಷವಿಡೀ ಕೆಂಪು ಪೆನ್ನು ಹಿಡಿದು ತಿದ್ದಿದ ಅಕ್ಷರ.

ಅಚ್ಚು ಹಾಕಿಸಬಹುದೇ ಎಂದು ಕೇಳಿದೆ. ಹಾಕಿಸಿ ಅಂದರು. ಹೆಸರು ಬೇಡ, ಊರೂ ಬೇಡ. ಆಮೇಲೆ ನಮ್ಮವರ ಮಂಡಿನೋವು ಹೇಗಿದೆ ಎಂದು ವಿಚಾರಿಸಿ, ಕುಕ್ಕರ್ ಕೂಗುತ್ತಿದೆ ಎಂದು ಫೋನ್ ಇಟ್ಟರು.